ಯಾರ ಮೂಳೆ, ಯಾರ ಬೆನ್ನು: ಪ್ರಾಣಿಗಳ ಬೆನ್ನೆಲುಬಿನ ಬೆಸುಗೆಯಲ್ಲಿ ಸ್ವಂತ ಕಸಿ ಮತ್ತು ದಾನಿ ಕಸಿ



ವಿಜ್ಞಾನದ ಒಂದು ಪ್ರಶ್ನೆಯನ್ನು ಎತ್ತಿಕೊಂಡು ಅದನ್ನು ಕನ್ನಡದಲ್ಲೇ ಕೊನೆಮುಟ್ಟ ಚರ್ಚಿಸಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಆ ಆಶಯಕ್ಕೆ ಒಪ್ಪುವಂತೆ ನಾನು ಆರಿಸಿಕೊಂಡಿರುವುದು ಬಹಳ ಸಣ್ಣದಾಗಿ ಕಾಣುವ ಒಂದು ಪ್ರಶ್ನೆ. ಪ್ರಾಣಿಯ ಬೆನ್ನೆಲುಬಿನ ಎರಡು ಕಶೇರುಗಳನ್ನು ಬೆಸೆಯುವಾಗ ನಡುವೆ ಇಡುವ ಮೂಳೆ ಆ ಪ್ರಾಣಿಯದೇ ಆಗಿರಬೇಕೇ, ಇನ್ನೊಂದರಿಂದ ಪಡೆದದ್ದಾದರೂ ನಡೆಯುತ್ತದೆಯೇ? ಈ ಒಂದು ಪ್ರಶ್ನೆಗಾಗಿ ಎಷ್ಟೋ ಮೊಲ, ಇಲಿ, ನಾಯಿ, ಆಡು, ಕುರಿಗಳು ಜೀವ ತೆತ್ತಿವೆ. ಅವುಗಳಿಂದ ನಾವು ನಿಜವಾಗಿ ಕಲಿತದ್ದೇನು, ಕಲಿಯದೆ ಬಿಟ್ಟದ್ದೇನು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

1. ಬೆಸುಗೆ ಎಂದರೇನು

ಎರಡು ಕಶೇರುಗಳ ನಡುವಿನ ಅಸಹಜ ಚಲನೆ ನರಗಳನ್ನು ಒತ್ತತೊಡಗಿದಾಗ, ಆ ಚಲನೆಯನ್ನೇ ನಿಲ್ಲಿಸಿ ಎರಡನ್ನೂ ಒಂದೇ ಮೂಳೆಯಾಗಿ ಬೆಳೆಸುವುದು ಬೆಸುಗೆ ಶಸ್ತ್ರಚಿಕಿತ್ಸೆ. ತಿರುಪು, ಸರಳು, ತಗಡು ಇವೆಲ್ಲ ತಾತ್ಕಾಲಿಕ ಆಸರೆ. ಮೂಳೆ ಬೆಳೆದು ಸೇತುವೆಯಾಗದಿದ್ದರೆ ಲೋಹ ಇಂದಲ್ಲ ನಾಳೆ ದಣಿದು ಸಡಿಲಾಗುತ್ತದೆ, ಇಲ್ಲವೇ ಮುರಿಯುತ್ತದೆ. ಶಾಶ್ವತ ಕೆಲಸ ಮಾಡುವುದು ಕಸಿ ಮಾಡಿದ ಮೂಳೆ, ಮತ್ತು ಅದರ ಸುತ್ತಲಿನ ಜೀವಂತ ಅಂಗಾಂಶ.

ಈ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಕ್ಷಯರೋಗದ ಕಾಲದಲ್ಲಿ. ಬೆನ್ನೆಲುಬಿಗೆ ಕ್ಷಯ ತಗಲಿ ಗೂನು ಬೀಳುತ್ತಿದ್ದವರಿಗಾಗಿ 1911ರಲ್ಲಿ ನ್ಯೂಯಾರ್ಕಿನ ಇಬ್ಬರು ಶಸ್ತ್ರವೈದ್ಯರು, ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ, ಬೇರೆ ಬೇರೆಯಾಗಿ ತಮ್ಮ ವಿಧಾನಗಳನ್ನು ಪ್ರಕಟಿಸಿದರು. ಹಿಬ್ಸ್ ಕಶೇರುಗಳ ಹಿಂಭಾಗದ ಮೂಳೆಯನ್ನೇ ಚೂರು ಮಾಡಿ ಪಕ್ಕದ ಕಶೇರುವಿನ ಮೇಲೆ ಮಡಚಿಟ್ಟರು. ಆಲ್ಬೀ ರೋಗಿಯ ಮೊಣಕಾಲ ಕೆಳಗಿನ ಮೂಳೆಯಿಂದ ಪಟ್ಟಿ ಕೊಯ್ದು ತಂದರು. ಇಬ್ಬರೂ ಬಳಸಿದ್ದು ರೋಗಿಯ ಸ್ವಂತ ಮೂಳೆಯನ್ನೇ.

ದಾನಿ ಮೂಳೆಯ ಇತಿಹಾಸ ಅದಕ್ಕಿಂತ ಹಳೆಯದು. 1880ರಲ್ಲಿ ಗ್ಲಾಸ್ಗೋದ ವಿಲಿಯಂ ಮ್ಯಾಕ್‌ಇವನ್, ಸೋಂಕಿನಿಂದ ತೋಳಿನ ಮೂಳೆ ಕಳೆದುಕೊಂಡಿದ್ದ ಪುಟ್ಟ ಬಾಲಕನೊಬ್ಬನಿಗೆ, ಕಾಲು ಬಾಗಿದ ಬೇರೆ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೂಳೆಯ ತುಂಡುಗಳನ್ನು ಕಸಿ ಮಾಡಿದರು. ಅದು ಕೂಡಿಕೊಂಡಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಅಮೆರಿಕದ ನೌಕಾಪಡೆ ಬೆಥೆಸ್ಡಾದಲ್ಲಿ ಅಂಗಾಂಶ ಬ್ಯಾಂಕ್ ತೆರೆಯಿತು. ಮೂಳೆಯನ್ನು ಹೆಪ್ಪುಗಟ್ಟಿಸಿ, ಒಣಗಿಸಿ, ಕಪಾಟಿನಲ್ಲಿಟ್ಟು ಬೇಕಾದಾಗ ಬಳಸುವ ಪದ್ಧತಿ ಅಲ್ಲಿಂದ ಬಲವಾಯಿತು. ಎರಡು ದಾರಿಗಳೂ ಹೀಗೆ ತೆರೆದುಕೊಂಡ ಮೇಲೆ ಯಾವುದು ಮೇಲು ಎಂಬ ಪ್ರಶ್ನೆ ಪ್ರಾಣಿ ಪ್ರಯೋಗಶಾಲೆಗೆ ಬಂತು.

2. ಕಸಿ ಮೂಳೆ ಮಾಡುವ ಮೂರು ಕೆಲಸ

ಹೋಲಿಕೆಗೆ ಮೊದಲು ಏನನ್ನು ಹೋಲಿಸುತ್ತಿದ್ದೇವೆ ಎಂಬುದು ತಿಳಿಯಬೇಕು. ಕಸಿ ಮೂಳೆಯಿಂದ ನಾವು ಮೂರು ಕೆಲಸ ಬಯಸುತ್ತೇವೆ. ಮೊದಲನೆಯದು ಹೊಸ ಮೂಳೆ ಕಟ್ಟುವ ಜೀವಕೋಶಗಳನ್ನು ತಾನೇ ತರುವುದು. ಎರಡನೆಯದು ಅಲ್ಲೇ ಸುತ್ತಮುತ್ತ ಇರುವ ಎಳೆಯ ಕೋಶಗಳನ್ನು ಮೂಳೆಕೋಶಗಳಾಗುವಂತೆ ಪ್ರಚೋದಿಸುವುದು. ಮೂರನೆಯದು ರಕ್ತನಾಳಗಳು ಮತ್ತು ಕೋಶಗಳು ಹಬ್ಬಿ ಸಾಗಲು ಬೇಕಾದ ಹಂದರ ಒದಗಿಸುವುದು.

ಸೊಂಟದ ಎಲುಬಿನಿಂದ ಆಗತಾನೆ ತೆಗೆದ ಸ್ವಂತ ಮೂಳೆಗೆ ಈ ಮೂರೂ ಗುಣಗಳಿವೆ. ಅದರಲ್ಲಿರುವ ಕೋಶಗಳಲ್ಲಿ ಬಹುಪಾಲು ರಕ್ತಪೂರೈಕೆ ತಪ್ಪಿದ ಕೂಡಲೇ ಸಾಯುತ್ತವೆ ಎಂಬುದು ನಿಜ. ಮೇಲ್ಮೈಯಲ್ಲಿದ್ದು ಹತ್ತಿರದ ದ್ರವದಿಂದಲೇ ಪೋಷಣೆ ಪಡೆಯಬಲ್ಲ ಅಲ್ಪಸ್ವಲ್ಪ ಕೋಶಗಳು ಬದುಕುಳಿಯುತ್ತವೆ. ಮೊದಲ ದಿನಗಳ ಬೆಳವಣಿಗೆಗೆ ಆ ಅಲ್ಪವೇ ದೊಡ್ಡ ಬಂಡವಾಳ. ದಾನಿ ಮೂಳೆಯನ್ನು ಸಂಸ್ಕರಿಸುವಾಗ ಮೊದಲ ಗುಣ ಪೂರ್ತಿ ಹೋಗುತ್ತದೆ. ಮೂರನೆಯದು ಬಹುಮಟ್ಟಿಗೆ ಉಳಿಯುತ್ತದೆ. ಎರಡನೆಯದು ಎಷ್ಟು ಉಳಿಯುತ್ತದೆ ಎಂಬುದು ಸಂಸ್ಕರಣೆಯ ಕ್ರಮವನ್ನು ಅವಲಂಬಿಸಿದೆ.

ಈ ಎರಡನೆಯ ಗುಣದ ಗುಟ್ಟು ಬಯಲಾದದ್ದು 1965ರಲ್ಲಿ. ಲಾಸ್ ಏಂಜಲೀಸಿನ ಮಾರ್ಷಲ್ ಯೂರಿಸ್ಟ್ ಮೂಳೆಯಿಂದ ಆಮ್ಲದ ಮೂಲಕ ಸುಣ್ಣದಂಶ ತೆಗೆದು, ಉಳಿದ ಮೆತ್ತನೆಯ ತಿರುಳನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರು. ಮೂಳೆಯೇ ಇರದ ಜಾಗದಲ್ಲಿ ಮೂಳೆ ಬೆಳೆಯಿತು. ಸತ್ತ ಮೂಳೆಯ ತಿರುಳಿನಲ್ಲೂ ಜೀವಂತ ಕೋಶಗಳಿಗೆ ಸಂದೇಶ ಕೊಡುವ ಪ್ರೋಟೀನು ಉಳಿದಿರುತ್ತದೆ ಎಂಬುದು ಅದರಿಂದ ಸ್ಪಷ್ಟವಾಯಿತು. ಅದೇ ಮುಂದೆ ಬಿಎಂಪಿ ಎಂದು ಹೆಸರಾಯಿತು. ನಮ್ಮ ದೇಶದಲ್ಲಿ ಈ ಎಳೆಯನ್ನು ಹಿಡಿದು ಮುಂದುವರಿಸಿದವರು ವಾರಾಣಸಿಯ ಎಸ್. ಎಂ. ತುಲಿ. ಅವರೂ ಎ. ಡಿ. ಸಿಂಗ್ ಅವರೂ ಸುಣ್ಣ ತೆಗೆದ ಮೂಳೆಯ ಬಗ್ಗೆ ಮೊಲಗಳಲ್ಲಿ ಮಾಡಿದ ಪ್ರಯೋಗಗಳು 1978ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಮೂಳೆಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾದವು. ಬೆನ್ನೆಲುಬಿನ ಕ್ಷಯಕ್ಕೆ ಔಷಧಿ ಮತ್ತು ಶಸ್ತ್ರಚಿಕಿತ್ಸೆಗಳ ನಡುವಿನ ದಾರಿ ತೋರಿಸಿದ ಅದೇ ತುಲಿ ದಾನಿ ಮೂಳೆಯ ಪ್ರಯೋಗದಲ್ಲೂ ಮುಂದಿದ್ದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕು.

3. ಮೊಲದ ಬೆನ್ನಿನ ಮೇಲೆ

ಈ ವಿಷಯದಲ್ಲಿ ಅತಿ ಹೆಚ್ಚು ಬಳಕೆಯಾದ ಮಾದರಿ ನ್ಯೂಜಿಲೆಂಡ್ ಬಿಳಿ ಮೊಲ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಬೋಡೆನ್, ಶಿಮಾಂಡಲ್ ಮತ್ತು ಹಟನ್ 1995ರಲ್ಲಿ ಇದನ್ನು ವ್ಯವಸ್ಥಿತವಾಗಿ ರೂಪಿಸಿದರು. ಪ್ರಯೋಗ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಮೊಲವನ್ನು ಅರಿವಳಿಕೆ ಕೊಟ್ಟು ಬೋರಲು ಮಲಗಿಸುತ್ತಾರೆ. ಸೊಂಟದ ಐದನೆಯ ಮತ್ತು ಆರನೆಯ ಕಶೇರುಗಳ ಮಟ್ಟದಲ್ಲಿ ಸ್ನಾಯುಗಳ ನಡುವೆ ದಾರಿ ಬಿಡಿಸಿ, ಎರಡೂ ಬದಿಯಲ್ಲಿ ರೆಕ್ಕೆಯಂತೆ ಚಾಚಿರುವ ಅಡ್ಡಚಾಚುಗಳನ್ನು ತಲುಪುತ್ತಾರೆ. ಆ ಚಾಚುಗಳ ಮೇಲ್ಪದರವನ್ನು ಸಣ್ಣ ಬರ್ ಯಂತ್ರದಿಂದ ಉಜ್ಜಿ, ಒಳಗಿನ ಮಜ್ಜೆಯಿಂದ ರಕ್ತ ಜಿನುಗುವವರೆಗೂ ತೆಗೆಯುತ್ತಾರೆ. ಹೀಗೆ ಉಜ್ಜದಿದ್ದರೆ ಬೆಸುಗೆ ಆಗುವುದಿಲ್ಲ. ಹೊಸ ರಕ್ತನಾಳಗಳೂ ಕೋಶಗಳೂ ಮುಖ್ಯವಾಗಿ ಬರುವುದು ಆ ಮಜ್ಜೆಯಿಂದಲೇ. ಅದೇ ಮೊಲದ ಸೊಂಟದೆಲುಬಿನ ಅಂಚಿನಿಂದ ಮೂಳೆ ತೆಗೆದು, ಚೂರು ಮಾಡಿ, ಎರಡು ಚಾಚುಗಳ ನಡುವೆ ಸೇತುವೆಯಂತೆ ಹಾಸುತ್ತಾರೆ. ಹೋಲಿಕೆಯ ಗುಂಪಿನಲ್ಲಿ ಅದರ ಬದಲು ಇನ್ನೊಂದು ಮೊಲದ ಸಂಸ್ಕರಿಸಿದ ಮೂಳೆ ಇರುತ್ತದೆ.

ವಾರಗಳು ಕಳೆದ ಮೇಲೆ ಪ್ರಾಣಿಯನ್ನು ದಯಾಮರಣಕ್ಕೆ ಒಳಪಡಿಸಿ ಬೆನ್ನೆಲುಬನ್ನು ಹೊರತೆಗೆಯುತ್ತಾರೆ. ಯಾವ ಗುಂಪಿನದೆಂದು ತಿಳಿಯದ ಪರೀಕ್ಷಕರು ಆ ತುಂಡನ್ನು ಕೈಯಲ್ಲಿ ಹಿಡಿದು ಬಾಗಿಸಿ ನೋಡುತ್ತಾರೆ. ಬೆಸೆದ ಮಟ್ಟದಲ್ಲಿ ಕೂದಲೆಳೆಯಷ್ಟು ಚಲನೆ ಕಂಡರೂ ಬೆಸುಗೆ ಆಗಿಲ್ಲ ಎಂದೇ ಬರೆಯುತ್ತಾರೆ. ಕ್ಷ-ಕಿರಣ ಚಿತ್ರದಲ್ಲಿ ಬಿಳಿಯ ಸೇತುವೆ ಪೂರ್ಣವಾಗಿ ಕಂಡ ಎಷ್ಟೋ ಬೆನ್ನೆಲುಬುಗಳು ಈ ಕೈಪರೀಕ್ಷೆಯಲ್ಲಿ ಸೋಲುತ್ತವೆ. ಈ ಕ್ಷೇತ್ರದಲ್ಲಿ ಕ್ಷ-ಕಿರಣವನ್ನಷ್ಟೇ ನಂಬಿ ಬರೆದ ಫಲಿತಾಂಶಗಳನ್ನು ಎಚ್ಚರದಿಂದ ಓದಬೇಕು.

ಸೂಕ್ಷ್ಮದರ್ಶಕದಲ್ಲಿ ಕಾಣುವ ಚಿತ್ರ ಇನ್ನೂ ಬೋಧಪ್ರದ. ಬೆಸುಗೆ ಮೊದಲು ಆರಂಭವಾಗುವುದು ಎರಡು ತುದಿಗಳಲ್ಲಿ, ಉಜ್ಜಿದ ಚಾಚುಗಳ ಬಳಿ. ಅಲ್ಲಿಂದ ಹೊಸ ಮೂಳೆ ನಡುವಿನತ್ತ ಹಬ್ಬುತ್ತದೆ. ನಡುಭಾಗ ಯಾವಾಗಲೂ ತಡ. ಅಲ್ಲಿ ಕೆಲಕಾಲ ಮೃದ್ವಸ್ಥಿಯೇ ಇದ್ದು ಆಮೇಲೆ ಮೂಳೆಯಾಗುತ್ತದೆ. ಬೆಸುಗೆ ತಪ್ಪುವುದೂ ಹೆಚ್ಚಾಗಿ ಆ ನಡುಭಾಗದಲ್ಲೇ. ದಾನಿ ಮೂಳೆಯ ಕಷ್ಟ ಏನೆಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ತುದಿಗಳಲ್ಲಿ ಆಶ್ರಯ ನೀಡುವ ಮೂಳೆಯೇ ಕೋಶಗಳನ್ನು ಕೊಡುತ್ತದೆ, ಹಾಗಾಗಿ ಅಲ್ಲಿ ದಾನಿ ಮೂಳೆಯೂ ಚೆನ್ನಾಗಿ ಕೂಡಿಕೊಳ್ಳುತ್ತದೆ. ರಕ್ತನಾಳ ತಡವಾಗಿ ತಲುಪುವ ನಡುಭಾಗದಲ್ಲಿ ತನ್ನದೇ ಕೋಶಗಳಿಲ್ಲದ ಮೂಳೆ ಕಾದು ಕುಳಿತಿರಬೇಕಾಗುತ್ತದೆ. ಅಷ್ಟರಲ್ಲಿ ನಾರಿನಂಥ ಅಂಗಾಂಶ ಜಾಗ ಹಿಡಿದರೆ ಸೇತುವೆ ಅಲ್ಲೇ ಕಡಿದುಹೋಗುತ್ತದೆ.

ಸ್ವಂತ ಮೂಳೆ ಹಾಕಿದರೆ ಎಲ್ಲವೂ ಕೂಡಿಕೊಳ್ಳುತ್ತದೆ ಎಂದು ಭಾವಿಸಬೇಡಿ. ಬೋಡೆನ್ ಅವರ ಮಾದರಿಯಲ್ಲಿ ಸ್ವಂತ ಮೂಳೆ ಪಡೆದ ಮೊಲಗಳಲ್ಲಿ ಸುಮಾರು ಮೂರನೇ ಎರಡು ಪಾಲಿಗೆ ಮಾತ್ರ ಬೆಸುಗೆಯಾಯಿತು. ಮನುಷ್ಯರಲ್ಲೂ ಲೋಹದ ಆಸರೆಯಿಲ್ಲದ ಇಂಥ ಬೆಸುಗೆ ಗಣನೀಯ ಪ್ರಮಾಣದಲ್ಲಿ ತಪ್ಪುತ್ತದೆ. ಆದ್ದರಿಂದಲೇ ಈ ಮೊಲದ ಮಾದರಿಗೆ ಬೆಲೆ ಬಂತು. ಎಲ್ಲರೂ ಗೆಲ್ಲುವ ಮಾದರಿಯಲ್ಲಿ ಯಾವ ಕಸಿ ಮೇಲೆಂದು ತಿಳಿಯುವುದೇ ಇಲ್ಲ.

ಅದೇ ತಂಡ ಅದೇ ವರ್ಷ ಪ್ರಕಟಿಸಿದ ಬೇರೆ ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಪ್ರಯೋಗಾಲಯದಲ್ಲಿ ತಯಾರಿಸಿದ ಬಿಎಂಪಿ-2 ಕೊಟ್ಟ ಎಲ್ಲ ಮೊಲಗಳಿಗೂ ಬೆಸುಗೆಯಾಯಿತು, ಅದರ ಜೊತೆಗಿದ್ದ ಸ್ವಂತ ಮೂಳೆಯ ಗುಂಪಿನಲ್ಲಿ ಶೇ. 42ಕ್ಕೆ ಮಾತ್ರ ಆಯಿತು. ನಿಕೋಟಿನ್ ಬೆಸುಗೆಗೆ ಅಡ್ಡಿಯಾಗುತ್ತದೆಯೇ ಎಂಬ ಪರೀಕ್ಷೆಯಲ್ಲಿ, ಸ್ವಂತ ಮೂಳೆ ಪಡೆದ ಮೊಲಗಳ ಪೈಕಿ ನಿಕೋಟಿನ್ ಇಲ್ಲದವುಗಳಲ್ಲಿ ಶೇ. 56ಕ್ಕೆ ಬೆಸುಗೆಯಾಯಿತು, ನಿಕೋಟಿನ್ ಪಡೆದ ಒಂದಕ್ಕೂ ಆಗಲಿಲ್ಲ. ಸ್ವಂತ ಮೂಳೆಯ ಯಶಸ್ಸು ಒಂದೇ ತಂಡದ ಕೈಯಲ್ಲಿ, ಒಂದೇ ತಳಿಯ ಮೊಲದಲ್ಲಿ, ಶೇ. 42ರಿಂದ ಶೇ. 67ರವರೆಗೆ ಓಲಾಡುತ್ತದೆ. ಹಾಗಿರುವಾಗ ಒಂದು ಊರಿನ ಪ್ರಯೋಗದ ದಾನಿ ಮೂಳೆಯ ಅಂಕಿಯನ್ನು ಇನ್ನೊಂದು ಊರಿನ ಸ್ವಂತ ಮೂಳೆಯ ಅಂಕಿಯ ಪಕ್ಕದಲ್ಲಿಟ್ಟು ತೀರ್ಪು ಕೊಡುವುದು ಸರಿಯಲ್ಲ. ಎರಡೂ ಗುಂಪುಗಳು ಒಂದೇ ಕೊಠಡಿಯಲ್ಲಿ, ಒಂದೇ ಕೈಯಲ್ಲಿ, ಒಂದೇ ಕಾಲದಲ್ಲಿ ನಡೆದಿರಬೇಕು.

ಸಂಖ್ಯೆಯ ಮಾತೂ ಇದೆ. ಹತ್ತು ಮೊಲಗಳಲ್ಲಿ ಏಳಕ್ಕೆ ಸ್ವಂತ ಮೂಳೆಯಿಂದ, ಇನ್ನು ಹತ್ತರಲ್ಲಿ ಐದಕ್ಕೆ ದಾನಿ ಮೂಳೆಯಿಂದ ಬೆಸುಗೆಯಾಯಿತು ಎಂದುಕೊಳ್ಳಿ. ಈ ಅಂತರ ಕೇವಲ ಆಕಸ್ಮಿಕವಾಗಿಯೂ ಬಂದಿರಬಹುದು. ಶೇ. 70 ಮತ್ತು ಶೇ. 50ರ ನಡುವಿನ ವ್ಯತ್ಯಾಸವನ್ನು ರೂಢಿಯ ಮಟ್ಟದ ಖಾತ್ರಿಯಿಂದ ಹಿಡಿಯಬೇಕಾದರೆ ಒಂದೊಂದು ಗುಂಪಿನಲ್ಲೂ ತೊಂಬತ್ತಕ್ಕೂ ಹೆಚ್ಚು ಪ್ರಾಣಿಗಳು ಬೇಕಾಗುತ್ತವೆ. ಯಾರೂ ಅಷ್ಟು ಪ್ರಾಣಿಗಳನ್ನು ಬಳಸುವುದಿಲ್ಲ, ಬಳಸಲೂಬಾರದು. ಚಿಕ್ಕ ಪ್ರಯೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದರೆ ಎರಡೂ ಸಮ ಎಂದು ಅರ್ಥವಾಗುವುದಿಲ್ಲ. ಈ ತಪ್ಪು ಓದು ಎಷ್ಟೋ ಲೇಖನಗಳ ಕೊನೆಯ ಪ್ಯಾರಾದಲ್ಲಿ ಇಂದಿಗೂ ಉಳಿದಿದೆ.

4. ‘ಸ್ವಂತ’ ಮತ್ತು ‘ದಾನಿ’ಯ ನಡುವಿನ ಗೆರೆ

ಇಲಿಯಲ್ಲಿ ಈ ಗೆರೆಯೇ ಅಳಿಸಿಹೋಗುತ್ತದೆ. ಇಲಿಯ ಸೊಂಟದೆಲುಬಿನಿಂದ ಸಾಕಷ್ಟು ಮೂಳೆ ಸಿಗುವುದಿಲ್ಲ. ಆದ್ದರಿಂದ ಪೀಳಿಗೆಗಳ ಕಾಲ ಒಳಸಂಬಂಧದಲ್ಲೇ ಬೆಳೆಸಿದ, ಆನುವಂಶಿಕವಾಗಿ ಒಂದೇ ಎನ್ನಬಹುದಾದ ಲೂಯಿಸ್ ತಳಿಯಂಥ ಇಲಿಗಳನ್ನು ಬಳಸಿ, ಒಂದು ಇಲಿಯ ಮೂಳೆಯನ್ನು ಇನ್ನೊಂದಕ್ಕೆ ಇಡುತ್ತಾರೆ. ದೇಹಕ್ಕೆ ಅದು ಪರಕೀಯವೆನಿಸದ ಕಾರಣ ಲೇಖನದಲ್ಲಿ ಅದನ್ನು ಸ್ವಂತ ಕಸಿಗೆ ಸಮಾನವೆಂದು ಎಣಿಸುತ್ತಾರೆ. ಪ್ರತಿರೋಧ ಶಕ್ತಿಯ ದೃಷ್ಟಿಯಿಂದ ಇದು ಒಪ್ಪತಕ್ಕದ್ದೇ. ಆದರೆ ಮೂಳೆ ಪಡೆದ ಇಲಿಗೆ ಸೊಂಟದ ಗಾಯವಿಲ್ಲ, ಅದರ ನೋವಿಲ್ಲ, ರಕ್ತನಷ್ಟವಿಲ್ಲ. ಸ್ವಂತ ಕಸಿಯ ಲಾಭವೆಲ್ಲ ಸಿಕ್ಕಿ ಅದರ ಬೆಲೆ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಥೈಮಸ್ ಗ್ರಂಥಿಯಿಲ್ಲದೆ ಹುಟ್ಟುವ ಇಲಿಗಳದು ಇನ್ನೊಂದು ತುದಿ. ಇವುಗಳ ದೇಹ ಪರಕೀಯ ಅಂಗಾಂಶವನ್ನು ತಿರಸ್ಕರಿಸುವುದಿಲ್ಲ. ಮನುಷ್ಯರ ಸುಣ್ಣ ತೆಗೆದ ಮೂಳೆಯಿಂದ ತಯಾರಾದ ಮಾರುಕಟ್ಟೆಯ ಉತ್ಪನ್ನಗಳನ್ನು ಈ ಇಲಿಗಳ ಬೆನ್ನಿನಲ್ಲಿ ಪರೀಕ್ಷಿಸಿದಾಗ, ಒಂದು ಉತ್ಪನ್ನಕ್ಕೂ ಇನ್ನೊಂದಕ್ಕೂ ಅಜಗಜಾಂತರ ಕಂಡಿತು. ದಾನಿ ಮೂಳೆ ಎಂಬ ಒಂದೇ ಹೆಸರಿನ ಕೆಳಗೆ ಬಹಳ ಬೇರೆ ಬೇರೆ ವಸ್ತುಗಳಿವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತಾಜಾ ದಾನಿ ಮೂಳೆಯಲ್ಲಿ ಮಜ್ಜೆಯ ಕೋಶಗಳು ಉಳಿದಿರುವುದರಿಂದ ಪಡೆದ ಪ್ರಾಣಿಯ ಪ್ರತಿರೋಧ ವ್ಯವಸ್ಥೆ ಕೆರಳುತ್ತದೆ. ಶರಾನ್ ಸ್ಟೀವನ್‌ಸನ್ ಅವರು ನಾಯಿಗಳಲ್ಲಿ ಮಾಡಿದ ಅಧ್ಯಯನಗಳಲ್ಲಿ, ಅಂಗಾಂಶದ ಗುರುತು ಹೊಂದಿಕೆಯಾಗದ ತಾಜಾ ಮೂಳೆಯ ಗತಿ ಕೆಟ್ಟದ್ದಾಗಿತ್ತು. ಮೊಲಗಳಲ್ಲಿ ಫ್ರೀಡ್‌ಲೇಂಡರ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದಂತೆ ಹೆಪ್ಪುಗಟ್ಟಿಸಿ ಒಣಗಿಸಿದ ಮೂಳೆ ದೇಹವನ್ನು ಅಷ್ಟಾಗಿ ಕೆರಳಿಸುವುದಿಲ್ಲ. ಆದರೆ ಅದೇ ಒಣಗಿಸುವಿಕೆ ಮೂಳೆಯ ಗಟ್ಟಿತನವನ್ನು ಕುಗ್ಗಿಸುತ್ತದೆ. ಸೋಂಕು ನಿವಾರಣೆಗೆ ಕೊಡುವ ಹೆಚ್ಚಿನ ವಿಕಿರಣವೂ ಹಾಗೆಯೇ. ಸಂಸ್ಕರಿಸಿದಷ್ಟೂ ಸುರಕ್ಷಿತ, ಆದರೆ ಅಷ್ಟೇ ನಿರ್ಜೀವ ಎಂಬ ಇಕ್ಕಟ್ಟು ದಾನಿ ಮೂಳೆಯನ್ನು ಬಿಡುವುದಿಲ್ಲ.

ಸುರಕ್ಷತೆಯ ಚಿಂತೆ ಕಲ್ಪನೆಯದಲ್ಲ. ಮೂಳೆ ಕಸಿಯಿಂದ ಎಚ್‌ಐವಿ ಹರಡಿದ ಪ್ರಕರಣ 1988ರಲ್ಲಿ ಅಮೆರಿಕದಲ್ಲಿ ವರದಿಯಾಯಿತು. 1984ರಲ್ಲಿ ಬೆನ್ನೆಲುಬಿನ ಬೆಸುಗೆಗೆ ಒಳಗಾಗಿದ್ದ ಮಹಿಳೆಗೆ, ಸೊಂಟದ ಕೀಲು ಬದಲಿಸಿಕೊಂಡ ದಾನಿಯೊಬ್ಬರ ತೊಡೆಮೂಳೆಯ ಗುಂಡನ್ನು ಬಳಸಲಾಗಿತ್ತು. ಅಂದು ದಾನಿಯ ರಕ್ತಪರೀಕ್ಷೆ ರೂಢಿಗೆ ಬಂದಿರಲಿಲ್ಲ. ದಾನಿಗಳನ್ನು ಶೋಧಿಸುವ ಇಂದಿನ ಕಟ್ಟುನಿಟ್ಟಿನ ಹಿಂದೆ ಇಂಥ ಪ್ರಕರಣಗಳಿವೆ.

5. ನಾಯಿ ಮತ್ತು ಕುದುರೆ

ನಾಯಿಯ ಬೆನ್ನು ಉದ್ದವಾದದ್ದು. ಒಂದೇ ನಾಯಿಯ ಬೇರೆ ಬೇರೆ ಮಟ್ಟಗಳಲ್ಲಿ ಬೇರೆ ಬೇರೆ ಕಸಿಗಳನ್ನು ಇಟ್ಟು, ವಯಸ್ಸು, ಆಹಾರ, ಆರೋಗ್ಯದ ವ್ಯತ್ಯಾಸಗಳನ್ನು ತೊಡೆದುಹಾಕಿ ಹೋಲಿಸಬಹುದು. ಹಾಗಿದ್ದೂ ನಾಯಿಗಳ ಪ್ರಯೋಗಗಳು ಒಂದೇ ಉತ್ತರ ಕೊಡಲಿಲ್ಲ. ಸುಣ್ಣ ತೆಗೆದ ದಾನಿ ಮೂಳೆ ಬೆಸುಗೆಗೆ ನೆರವಾಗುತ್ತದೆಂದು 1993ರಲ್ಲಿ ಒಂದು ತಂಡ ವರದಿ ಮಾಡಿತು. ಅದು ಸ್ವಂತ ಮೂಳೆಗೆ ಸಾಟಿಯಾಗಲಿಲ್ಲವೆಂದು 1995ರಲ್ಲಿ ಇನ್ನೊಂದು ತಂಡ ವರದಿ ಮಾಡಿತು. ಎರಡೂ ಒಂದೇ ಪತ್ರಿಕೆಯಲ್ಲಿ ಬಂದವು. ತಯಾರಿಕೆ ಬೇರೆ, ಬಳಸಿದ ರೀತಿ ಬೇರೆ ಎಂಬುದನ್ನು ನೋಡಿದರೆ ಎರಡನ್ನೂ ನಂಬಲು ಅಡ್ಡಿಯಿಲ್ಲ.

ಎರಡರ ಮಿಶ್ರಣದ ದಾರಿ ಹೆಚ್ಚು ಸ್ಥಿರವಾದ ಫಲ ಕೊಟ್ಟಿದೆ. ಮೋರೋನ್ ಮತ್ತು ಬೋಡೆನ್ 1998ರಲ್ಲಿ ಮೊಲಗಳಲ್ಲಿ ಸ್ವಂತ ಮೂಳೆಯ ಪ್ರಮಾಣ ತಗ್ಗಿಸಿ ಸುಣ್ಣ ತೆಗೆದ ಮೂಳೆಯ ಜೆಲ್ ಸೇರಿಸಿದಾಗ ಬೆಸುಗೆ ಕೈಕೊಡಲಿಲ್ಲ. ಹಾಲಿಗೆ ಹೆಪ್ಪು ಹಾಕಿದಂತೆ ಇದು: ಹಂದರ ದಾನಿಯದು, ಜೀವ ತುಂಬುವ ಚಿಟಿಕೆ ತನ್ನದು.

ಈ ಪ್ರಶ್ನೆ ಪ್ರಯೋಗಶಾಲೆಯಾಚೆ, ರೋಗಿಯಾಗಿಯೇ ಬಂದ ಪ್ರಾಣಿಯ ಮುಂದೆ ನಿಂತಾಗ ಅದರ ತೂಕ ಬೇರೆ. ಯಾರ್ಕ್‌ಷೈರ್ ಟೆರಿಯರ್, ಚಿವಾವಾದಂಥ ಪುಟ್ಟ ತಳಿಯ ನಾಯಿಗಳಲ್ಲಿ ಕುತ್ತಿಗೆಯ ಮೊದಲೆರಡು ಕಶೇರುಗಳು ಸಡಿಲಾಗಿ ನಡೆಯಲಾರದ ಸ್ಥಿತಿ ಬರುತ್ತದೆ. ಎರಡು ಮೂರು ಕಿಲೋ ತೂಗುವ ಆ ಜೀವದ ಭುಜದಿಂದಲೋ ಸೊಂಟದಿಂದಲೋ ಎಷ್ಟು ಮೂಳೆ ಕೆರೆದು ತೆಗೆಯಲಾದೀತು? ಡಾಬರ್‌ಮನ್‌ನಂಥ ದೊಡ್ಡ ನಾಯಿಯ ತೋಳಿನ ಮೇಲ್ತುದಿಯಲ್ಲಿ ಬೇಕಾದಷ್ಟು ಸ್ಪಂಜಿನಂಥ ಮೂಳೆ ಸಿಗುತ್ತದೆ. ಒಂದೇ ಜಾತಿಯ ಪ್ರಾಣಿಯಲ್ಲೂ ಉತ್ತರ ಬೇರೆಯಾಗುವುದು ಹೀಗೆ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಕುದುರೆ. ಬೆಳೆಯುವ ಥರೋಬ್ರೆಡ್ ಕುದುರೆಗಳಲ್ಲಿ ಕುತ್ತಿಗೆಯ ಕಶೇರುಗಳು ನರಹುರಿಯನ್ನು ಒತ್ತಿ, ಹಿಂಗಾಲು ತೂರಾಡುವ ಕಾಯಿಲೆಯೊಂದಿದೆ. ಕುದುರೆ ಸಾಕುವವರು ಇದನ್ನು ವಾಬ್ಲರ್ ಎನ್ನುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪಶು ಶಸ್ತ್ರವೈದ್ಯರಾದ ಪಮೇಲಾ ವ್ಯಾಗ್ನರ್, ಬ್ಯಾರಿ ಗ್ರಾಂಟ್ ಮತ್ತು ಮನುಷ್ಯರ ಮೂಳೆವೈದ್ಯ ಜಾರ್ಜ್ ಬ್ಯಾಗ್ಬಿ ಇದಕ್ಕೆ ಪರಿಹಾರ ಹುಡುಕಿದರು. ಕುದುರೆಯ ಸೊಂಟದಿಂದ ಮೂಳೆ ತೆಗೆಯುವುದು ಅಪಾಯದ ಕೆಲಸ. ಅರಿವಳಿಕೆಯಿಂದ ಎಚ್ಚೆತ್ತ ಅರ್ಧ ಟನ್ ತೂಕದ ಪ್ರಾಣಿ ಎದ್ದು ನಿಲ್ಲಲು ತೊಡಗುವ ಹೊತ್ತಿನಲ್ಲಿ, ದುರ್ಬಲವಾದ ಯಾವ ಮೂಳೆಯೂ ಮುರಿಯಬಹುದು. ಬ್ಯಾಗ್ಬಿ ತೂತುಗಳಿರುವ ಸ್ಟೇನ್‌ಲೆಸ್ ಉಕ್ಕಿನ ಬುಟ್ಟಿಯೊಂದನ್ನು ರೂಪಿಸಿದರು. ಕಶೇರುಗಳ ನಡುವೆ ಕೊರೆದಾಗ ಬಂದ ಮೂಳೆಯ ಚೂರುಗಳನ್ನೇ ಅದರೊಳಗೆ ತುಂಬಿ ಅದೇ ರಂಧ್ರದಲ್ಲಿ ಕೂರಿಸಿದರು. ಮೂಳೆ ಸ್ವಂತದ್ದು, ಅದಕ್ಕಾಗಿ ಬೇರೆ ಗಾಯವಿಲ್ಲ.

ದನದ ಮೂಳೆಯ ಕಸಿಯನ್ನೂ ಉಕ್ಕಿನ ಬುಟ್ಟಿಯ ಆಸರೆಯ ಸ್ವಂತ ಮೂಳೆಯನ್ನೂ ಕುದುರೆಗಳಲ್ಲಿ ಹೋಲಿಸಿದ ಅಧ್ಯಯನ 1984ರಲ್ಲಿ ಅಮೆರಿಕದ ಪಶುವೈದ್ಯ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಬುಟ್ಟಿಯೊಳಗಿನ ಸ್ವಂತ ಮೂಳೆಯೇ ಮೇಲುಗೈ ಪಡೆಯಿತು. ಕುದುರೆಯ ಈ ಬುಟ್ಟಿಯೇ ಮುಂದೆ ಮನುಷ್ಯರ ಸೊಂಟದ ಬೆಸುಗೆಗಾಗಿ ಬ್ಯಾಗ್ಬಿ ಮತ್ತು ಕುಸ್ಲಿಕ್ ಹೆಸರಿನ ಬಿಎಕೆ ಪಂಜರವಾಯಿತು. 1996ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಅನುಮತಿ ನೀಡಿತು. 1977ರಲ್ಲಿ ಕುದುರೆ ಪಂದ್ಯಗಳ ಟ್ರಿಪಲ್ ಕ್ರೌನ್ ಗೆದ್ದಿದ್ದ ಸಿಯಾಟಲ್ ಸ್ಲೂ ಎಂಬ ಕುದುರೆಗೂ ಇಳಿವಯಸ್ಸಿನಲ್ಲಿ, 2000 ಮತ್ತು 2002ರಲ್ಲಿ, ಕುತ್ತಿಗೆಯ ಬೆಸುಗೆ ನಡೆಯಿತು. ಪ್ರಾಣಿಯ ಹಿತಕ್ಕಾಗಿ ಮಾಡಿದ ಕೆಲಸ ಮನುಷ್ಯನಿಗೂ ದಾರಿಯಾದ ಅಪರೂಪದ ಉದಾಹರಣೆ ಇದು.

ಇಲ್ಲಿ ಯಾಂತ್ರಿಕ ಕಾರಣವೂ ಇದೆ. ಕಶೇರುಗಳ ನಡುವೆ ಇಟ್ಟ ಮೂಳೆ ಒತ್ತಡದಲ್ಲಿರುತ್ತದೆ, ಒತ್ತಡ ಮೂಳೆಯ ಬೆಳವಣಿಗೆಗೆ ಪೋಷಕ. ನಾಲ್ಕು ಕಾಲಿನ ಪ್ರಾಣಿಯ ಬೆನ್ನು ಅಡ್ಡವಾಗಿರುವುದರಿಂದ ಅಲ್ಲಿ ಒತ್ತಡವಿಲ್ಲ ಎಂದು ಅನೇಕರು ತಿಳಿದಿದ್ದರು. ಸ್ನಾಯು ಮತ್ತು ಕಟ್ಟುಗಳ ಬಿಗಿತದಿಂದ ಆ ಬೆನ್ನೂ ಉದ್ದಕ್ಕೇ ಒತ್ತಲ್ಪಡುತ್ತದೆಂದು ಸ್ಮಿಟ್ ಎಂಬ ಸಂಶೋಧಕರು 2002ರಲ್ಲಿ ವಿವರಿಸಿದರು. ಒತ್ತಡವಿರುವ ಈ ನಡುಜಾಗದಲ್ಲಿ, ಆಸರೆ ಬಿಗಿಯಾಗಿದ್ದರೆ, ದಾನಿ ಮೂಳೆಗೂ ಒಳ್ಳೆಯ ಅವಕಾಶವಿದೆ. ಬೆನ್ನಿನ ಹಿಂಬದಿಯಲ್ಲಿ, ಒತ್ತಡವಿಲ್ಲದೆ ಸ್ನಾಯುಗಳ ನಡುವೆ ತೂಗುವ ಸೇತುವೆಯಲ್ಲಿ, ಆ ಅವಕಾಶ ಕಡಿಮೆ.

6. ಲೆಕ್ಕಕ್ಕೆ ಬಾರದ ಗಾಯ

ನನ್ನ ಮುಖ್ಯ ಮಾತು ಇದು. ಇಷ್ಟೊಂದು ಹೋಲಿಕೆಗಳಲ್ಲಿ ಅಳೆದದ್ದು ಬೆನ್ನನ್ನು, ಅಳೆಯದೆ ಬಿಟ್ಟದ್ದು ಸೊಂಟವನ್ನು. ಮನುಷ್ಯರಲ್ಲಿ ಸೊಂಟದ ಗಾಯದ ಲೆಕ್ಕವಿದೆ. ಯಂಗರ್ ಮತ್ತು ಚಾಪ್‌ಮನ್ 1989ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಮೂಳೆ ತೆಗೆದ ಜಾಗದ ಗಂಭೀರ ತೊಡಕುಗಳು ಶೇ. 8.6, ಸಣ್ಣ ತೊಡಕುಗಳು ಶೇ. 20.6 ಎಂದಿತ್ತು. ದಾನಿ ಮೂಳೆಯ ಕಡೆ ವೈದ್ಯರು ತಿರುಗಿದ್ದಕ್ಕೆ ಅಂಥ ಅಂಕಿಗಳೇ ಕಾರಣ. ಆದರೆ ಪ್ರಾಣಿ ಪ್ರಯೋಗದ ವರದಿಗಳನ್ನು ತೆರೆದು ನೋಡಿ: ಬೆಸುಗೆಯ ಶೇಕಡಾವಾರು ಇದೆ, ಬಾಗುವ ಬಲವಿದೆ, ಅಂಗಾಂಶದ ಚಿತ್ರವಿದೆ. ಸೊಂಟದಿಂದ ಮೂಳೆ ತೆಗೆಸಿಕೊಂಡ ಮೊಲ ಎಷ್ಟು ದಿನ ಸರಿಯಾಗಿ ತಿನ್ನಲಿಲ್ಲ, ಯಾವ ಕಾಲನ್ನು ಎಳೆಯಿತು ಎಂಬುದು ಬಹುಪಾಲು ವರದಿಗಳಲ್ಲಿ ಇಲ್ಲ.

ಮೊಲ ಬೇಟೆಗೆ ಈಡಾಗುವ ಪ್ರಾಣಿ, ನೋವನ್ನು ಬಚ್ಚಿಡುವುದು ಅದರ ಸ್ವಭಾವ. ಕಣ್ಣು ಕಿರಿದಾಗುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗಿನ ಆಕಾರ, ಕಿವಿಯ ಭಂಗಿ ಇವುಗಳಿಂದ ಮೊಲದ ನೋವನ್ನು ಅಂದಾಜಿಸುವ ಮುಖಭಾವದ ಮಾಪನ 2012ರಲ್ಲಿ ಬಂತು. ಉಪಕರಣ ಕೈಯಲ್ಲಿದೆ, ಬಳಸುವ ಮನಸ್ಸು ಬೇಕು. ಎರಡು ಕಸಿಗಳಲ್ಲಿ ಯಾವುದು ಮೇಲು ಎಂಬ ಹೋಲಿಕೆ ನ್ಯಾಯವಾಗಬೇಕಾದರೆ ಸೇತುವೆಯ ಬಲದ ಪಕ್ಕದಲ್ಲಿ ಮೂಳೆ ಕೊಟ್ಟ ಜಾಗದ ನೋವೂ ದಾಖಲಾಗಬೇಕು. ದಾನಿ ಮೂಳೆಯ ಕಡೆಯಲ್ಲೂ ಅಷ್ಟೇ ನ್ಯಾಯ ಬೇಕು: ದಾನಿ ಮೊಲ ಎಲ್ಲಿಂದ ಬಂತು, ಮೂಳೆಗಾಗಿಯೇ ಅದನ್ನು ಕೊಂದರೇ ಎಂಬುದನ್ನೂ ಬರೆಯಬೇಕು. ಒಂದು ಪ್ರಾಣಿಯ ಸೊಂಟ ಉಳಿಸಲು ಇನ್ನೊಂದರ ಜೀವ ತೆಗೆದಿದ್ದರೆ ಅದನ್ನು ಉಳಿತಾಯ ಎನ್ನಲಾಗದು.

7. ತೀರ್ಮಾನ ಮತ್ತು ಬೇಡಿಕೆ

ಇಷ್ಟರಿಂದ ನನಗೆ ದೊರೆತ ತೀರ್ಪನ್ನು ಹೇಳುತ್ತೇನೆ. ಬೆನ್ನಿನ ಹಿಂಬದಿಯ ಉದ್ದದ ಬೆಸುಗೆಗೆ ಇಂದಿಗೂ ಮೊದಲ ಆಯ್ಕೆ ಸ್ವಂತ ಮೂಳೆಯೇ. ಕಶೇರುಗಳ ನಡುವಿನ, ಬಿಗಿಯಾದ ಆಸರೆಯಿರುವ ಬೆಸುಗೆಗೆ ಒಳ್ಳೆಯ ಸಂಸ್ಕರಣೆಯ ದಾನಿ ಮೂಳೆ ಧೈರ್ಯವಾಗಿ ಬಳಸಬಹುದಾದದ್ದು. ಪ್ರಾಣಿ ಚಿಕ್ಕದಾದಾಗ, ಸ್ವಂತ ಮೂಳೆ ಸಾಲದಾದಾಗ, ಎರಡನ್ನೂ ಬೆರೆಸುವುದು ಜಾಣತನ. ಶಸ್ತ್ರಚಿಕಿತ್ಸೆಯ ಜಾಗದಲ್ಲೇ ಸಿಗುವ ಮೂಳೆಯ ಚೂರನ್ನು ಎಂದೂ ಎಸೆಯಬಾರದು. ಯಾವ ಮೂಳೆ ಇಟ್ಟರೂ, ಆಶ್ರಯ ನೀಡುವ ಮೂಳೆಯನ್ನು ರಕ್ತ ಜಿನುಗುವವರೆಗೆ ಸಿದ್ಧಮಾಡದಿದ್ದರೆ ಎಲ್ಲವೂ ವ್ಯರ್ಥ.

ನನ್ನ ಬೇಡಿಕೆಗಳು ಎರಡು. ಮೊದಲನೆಯದು ನಮ್ಮ ರಾಜ್ಯಕ್ಕೆ ಸಂಬಂಧಿಸಿದ್ದು. ಮನುಷ್ಯರ ವಿಷಯದಲ್ಲಿ ನಮ್ಮ ದೇಶದ ಅಂಗಾಂಗ ಕಸಿ ಕಾಯಿದೆಗೆ 2011ರ ತಿದ್ದುಪಡಿ ಅಂಗಾಂಶಗಳನ್ನೂ ಸೇರಿಸಿತು, ಮೂಳೆ ಬ್ಯಾಂಕುಗಳಿಗೆ ಅದರಿಂದ ಚೌಕಟ್ಟು ಸಿಕ್ಕಿತು. ನಮ್ಮ ಪಶು ಆಸ್ಪತ್ರೆಗಳಲ್ಲಿ ಮೂಳೆ ಬ್ಯಾಂಕ್ ಇನ್ನೂ ದಿನಬಳಕೆಯ ಮಾತಾಗಿಲ್ಲ. ಅಪಘಾತದಲ್ಲಿ ಸತ್ತ ಆರೋಗ್ಯವಂತ ನಾಯಿಯ ಮೂಳೆಯನ್ನು ಸಾಕಿದವರ ಒಪ್ಪಿಗೆ ಪಡೆದು, ರೋಗಪರೀಕ್ಷೆ ಮಾಡಿ, ಕೆಡದಂತೆ ಕಾದಿಟ್ಟರೆ ಹಲವು ಪುಟ್ಟ ಪ್ರಾಣಿಗಳಿಗೆ ಅದು ಆಸರೆಯಾಗುತ್ತದೆ. ಹೆಬ್ಬಾಳ, ಬೀದರ್‌ನಂಥ ನಮ್ಮ ಪಶುವೈದ್ಯ ಕಾಲೇಜುಗಳು ಇದನ್ನು ಕೈಗೆತ್ತಿಕೊಳ್ಳಬೇಕು. ಮನುಷ್ಯರ ಮೂಳೆ ಬ್ಯಾಂಕ್ ನಡೆಸುವವರ ಅನುಭವವನ್ನು ಕೇಳಿ ಪಡೆಯಬೇಕು.

ಎರಡನೆಯದು ಪ್ರಯೋಗ ಮಾಡುವ ನಮ್ಮೆಲ್ಲರಿಗೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಪ್ರತಿ ಪ್ರಯೋಗಕ್ಕೂ ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಬೇಕು. ಆ ಒಪ್ಪಿಗೆಯ ಅರ್ಜಿ ಬರೆಯುವಾಗ ಈಗಾಗಲೇ ಉತ್ತರ ಸಿಕ್ಕಿರುವ ಪ್ರಶ್ನೆಯನ್ನು ಮತ್ತೆ ಕೇಳಬೇಡಿ. ಗುಂಪಿನ ಗಾತ್ರವನ್ನು ಮೊದಲೇ ಲೆಕ್ಕ ಹಾಕಿ. ಬೆಸುಗೆ ಆಗದ ಪ್ರಾಣಿಗಳನ್ನೂ, ಶಸ್ತ್ರಚಿಕಿತ್ಸೆಯ ನಂತರ ಸತ್ತವುಗಳನ್ನೂ, ಸೊಂಟದ ನೋವನ್ನೂ ವರದಿಯಲ್ಲಿ ಬರೆಯಿರಿ. ಸೋತ ಪ್ರಯೋಗವನ್ನು ಕಪಾಟಿನಲ್ಲಿಟ್ಟರೆ, ಅದೇ ಸೋಲಿಗಾಗಿ ಇನ್ನೊಂದು ಊರಿನಲ್ಲಿ ಇನ್ನೊಂದಿಷ್ಟು ಪ್ರಾಣಿಗಳು ಸಾಯುತ್ತವೆ. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ, ಮತ್ತು ಅದು ನಮ್ಮ ಕರ್ತವ್ಯ.